ಮರಳಿ ಬಂದ ಅಂಡಾಶಯದ ಕ್ಯಾನ್ಸರ್: ಮುಚ್ಚಿಟ್ಟರೆ ಭರವಸೆ ಉಳಿಯದು

ಮನೆಯ ಹೆಣ್ಣುಮಗಳಿಗೆ ಕ್ಯಾನ್ಸರ್ ಎಂದು ಮೊದಲ ಸಲ ತಿಳಿದಾಗ ಇಡೀ ಬಳಗ ಒಂದಾಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿರುವ ತಮ್ಮ ರಜೆ ಹಾಕಿ ಬರುತ್ತಾನೆ. ತವರಿನಿಂದ ಅತ್ತಿಗೆ ಬಂದು ಅಡುಗೆಮನೆ ವಹಿಸಿಕೊಳ್ಳುತ್ತಾಳೆ. ನೆರೆಹೊರೆಯವರು ಎಳನೀರು, ಕಿತ್ತಳೆ ಹಿಡಿದು ಬರುತ್ತಾರೆ. ಆಪರೇಷನ್ ಆಗುತ್ತದೆ, ಆರು ಸಲ ಕೀಮೋಥೆರಪಿ ಮುಗಿಯುತ್ತದೆ, ಉದುರಿದ ಕೂದಲು ಮತ್ತೆ ಬೆಳೆಯುತ್ತದೆ. ಹರಕೆ ತೀರಿಸಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಒಂದೂವರೆ ವರ್ಷದ ನಂತರ ಅದೇ ಕಾಯಿಲೆ ಮರಳಿ ಬಂದಿದೆ ಎಂದು ವರದಿ ಬಂದಾಗ ಮಾತ್ರ ಮನೆ ಮೌನವಾಗುತ್ತದೆ. ಈ ಸಲ ಎಳನೀರು ಬರುವುದಿಲ್ಲ. ಬಂದವರಿಗೂ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಮನೆಯವರು ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳುವ ಮಾತು ಒಂದೇ: "ಡಾಕ್ಟ್ರೇ, ಅವರಿಗೆ ಮಾತ್ರ ಹೇಳಬೇಡಿ."

ನಾನು ಕ್ಯಾನ್ಸರ್ ತಜ್ಞನಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಊರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿರುವ ಸಾಮಾನ್ಯ ವೈದ್ಯ. ಆಪರೇಷನ್, ಕೀಮೋಥೆರಪಿ ನಡೆಯುವುದು ದೊಡ್ಡ ಊರಿನ ಆಸ್ಪತ್ರೆಯಲ್ಲಿ. ಆದರೆ ಎರಡು ಕೀಮೋಗಳ ನಡುವಿನ ಮೂರು ವಾರ ರೋಗಿ ಇರುವುದು ತನ್ನ ಮನೆಯಲ್ಲಿ. ಆಗ ಕಾಡುವ ಜ್ವರ, ವಾಂತಿ, ಮಲಬದ್ಧತೆ, ನಿದ್ದೆಗೆಟ್ಟ ರಾತ್ರಿ, ಇವಕ್ಕೆಲ್ಲ ಅವರು ಬರುವುದು ನನ್ನಂಥವರ ಬಳಿಗೆ. ಅಲ್ಲಿ ಕಂಡದ್ದರಿಂದ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಮರಳಿ ಬಂದ ಅಂಡಾಶಯದ ಕ್ಯಾನ್ಸರ್ ಜೊತೆ ಬದುಕುವ ಹೆಣ್ಣಿಗೆ ರೋಗದಷ್ಟೇ ಕಷ್ಟ ಕೊಡುವುದು ಒಂಟಿತನ. ಆ ಒಂಟಿತನವನ್ನು ಬಹಳಷ್ಟು ಸಲ ನಾವೇ, ಅದೂ ಪ್ರೀತಿಯಿಂದಲೇ, ತಂದಿಡುತ್ತೇವೆ. ವಿಷಯ ಮುಚ್ಚಿಟ್ಟರೆ ಆಕೆಯ ಭರವಸೆ ಉಳಿಯುತ್ತದೆ ಎಂದು ನಂಬಿದ್ದೇವೆ. ನಡೆಯುವುದು ಇದಕ್ಕೆ ತದ್ವಿರುದ್ಧ.

ಮರಳಿ ಬರುವುದೇಕೆ?

ಗರ್ಭಕೋಶದ ಎರಡೂ ಬದಿಯಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿರುತ್ತವೆ. ಅವು ಕಿಬ್ಬೊಟ್ಟೆಯ ಆಳದಲ್ಲಿರುವುದರಿಂದ ಅಲ್ಲಿ ಹುಟ್ಟಿದ ಗಡ್ಡೆ ಸದ್ದಿಲ್ಲದೆ ಬೆಳೆಯಲು ಜಾಗ ಸಿಗುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಲಕ್ಷಣಗಳು. ಇವನ್ನು ಗ್ಯಾಸ್ ಎಂದೋ ವಯಸ್ಸಿನ ಸಹಜ ತೊಂದರೆ ಎಂದೋ ಹೆಂಗಸರು ತಳ್ಳಿಹಾಕುತ್ತಾರೆ. ಹೀಗಾಗಿ ಹೆಚ್ಚಿನವರಲ್ಲಿ ರೋಗ ಪತ್ತೆಯಾಗುವಾಗ ಅದು ಹೊಟ್ಟೆಯ ಒಳಪೊರೆಗೆ ಹರಡಿರುತ್ತದೆ.

ಶಸ್ತ್ರಚಿಕಿತ್ಸಕರು ಕಣ್ಣಿಗೆ ಕಂಡ ಗಡ್ಡೆಯನ್ನೆಲ್ಲ ತೆಗೆಯುತ್ತಾರೆ. ಉಳಿದದ್ದನ್ನು ಕೀಮೋಥೆರಪಿ ಕೊಲ್ಲುತ್ತದೆ. ಆದರೂ ಯಾವ ಸ್ಕ್ಯಾನಿಗೂ ಕಾಣದಷ್ಟು ಚಿಕ್ಕ ಜೀವಕೋಶಗಳು ಪೊರೆಯ ಮಡಿಕೆಗಳಲ್ಲಿ ಎಲ್ಲೋ ಉಳಿದಿರಬಹುದು. ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ಕಾಳು ಮುಂದಿನ ಮಳೆಗೆ ಮೊಳೆಯುವಂತೆ ಅವು ಮತ್ತೆ ಬೆಳೆಯುತ್ತವೆ. ಮುಂದುವರಿದ ಹಂತದಲ್ಲಿ ಪತ್ತೆಯಾದ ನೂರು ಜನರಲ್ಲಿ ಸುಮಾರು 70 ಅಥವಾ ಅದಕ್ಕೂ ಹೆಚ್ಚು ಜನರಿಗೆ ರೋಗ ಒಂದಲ್ಲ ಒಂದು ದಿನ ಮರುಕಳಿಸುತ್ತದೆ. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಕಾಯಿಲೆ ಮರಳಿದಾಗ ಮನೆಗಳಲ್ಲಿ ತಪ್ಪು ಹುಡುಕುವ ಕೆಲಸ ಶುರುವಾಗುತ್ತದೆ. "ಪಥ್ಯ ಮಾಡಲಿಲ್ಲ", "ಬೇಗ ಕೆಲಸಕ್ಕೆ ಇಳಿದಳು", "ಮನಸ್ಸಿಗೆ ಬಹಳ ಹಚ್ಚಿಕೊಂಡಳು" ಎಂಬ ಮಾತುಗಳು ಬರುತ್ತವೆ. ಇವು ಯಾವುವೂ ಕಾರಣವಲ್ಲ. ಆಕೆ ತಪ್ಪು ಮಾಡಿಲ್ಲ. ಆಸರೆಯ ಮೊದಲ ಮೆಟ್ಟಿಲು ಈ ಮಾತನ್ನು ಆಕೆಯ ಎದುರಿಗೇ ಹೇಳುವುದು.

ಮರಳಿ ಬಂದರೆ ಮುಗಿಯಿತೇ?

ಮರಳಿ ಬಂದ ಅಂಡಾಶಯದ ಕ್ಯಾನ್ಸರನ್ನು ಬೇರುಸಹಿತ ಕೀಳುವುದು ಹೆಚ್ಚಿನವರಲ್ಲಿ ಸಾಧ್ಯವಾಗುವುದಿಲ್ಲ. ಆದರೆ ಅದನ್ನು ಹಿಮ್ಮೆಟ್ಟಿಸಬಹುದು, ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ತಡೆದಿಡಬಹುದು. ಮತ್ತೆ ಬಂದರೆ ಮತ್ತೆ ಚಿಕಿತ್ಸೆ ಕೊಡಬಹುದು. ಚಿಕಿತ್ಸೆ, ಬಿಡುವು, ಮತ್ತೆ ಚಿಕಿತ್ಸೆ, ಮತ್ತೆ ಬಿಡುವು ಎಂದು ಅನೇಕ ವರ್ಷ ಸಾಗಿದವರಿದ್ದಾರೆ.

ಮುಂದಿನ ದಾರಿಯನ್ನು ನಿರ್ಧರಿಸುವಾಗ ತಜ್ಞರು ಮೊದಲು ನೋಡುವುದು ಹಿಂದಿನ ಕೀಮೋ ಮುಗಿದು ಎಷ್ಟು ಕಾಲವಾಯಿತು ಎಂಬುದನ್ನು. ಸಾಮಾನ್ಯವಾಗಿ ಆರು ತಿಂಗಳು ದಾಟಿದ ಮೇಲೆ ಮರುಕಳಿಸಿದರೆ ಮೊದಲು ಕೊಟ್ಟ ಪ್ಲಾಟಿನಂ ಮೂಲದ ಔಷಧವೇ ಮತ್ತೆ ಫಲ ಕೊಡುವ ಸಾಧ್ಯತೆ ಚೆನ್ನಾಗಿರುತ್ತದೆ. ಬಿಡುವು ಹೆಚ್ಚು ದೀರ್ಘವಾಗಿದ್ದಷ್ಟೂ ಒಳ್ಳೆಯದು. ಆರು ತಿಂಗಳೊಳಗೇ ಬಂದರೆ ಬೇರೆ ಔಷಧಗಳತ್ತ ಹೋಗುತ್ತಾರೆ. ಆಯ್ದ ಕೆಲವರಿಗೆ ಎರಡನೇ ಆಪರೇಷನ್ ಕೂಡ ಅನುಕೂಲ ಮಾಡಬಹುದು.

ಈ ಚಿಕಿತ್ಸೆ ಎಲ್ಲಿಂದ ಎಲ್ಲಿಗೆ ಬಂದಿದೆ ನೋಡಿ. ಪ್ಲಾಟಿನಂ ಔಷಧಗಳಲ್ಲಿ ಮೊದಲನೆಯದಾದ ಸಿಸ್ಪ್ಲಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ. ಯೂ ಎಂಬ ಮರದ ತೊಗಟೆಯಲ್ಲಿ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ 1992ರಲ್ಲಿ ಬಂತು. 2014ರಲ್ಲಿ ಒಲಾಪರಿಬ್ ಎಂಬ ಮಾತ್ರೆ ಬಂತು. ರೋಗ ಕೀಮೋಗೆ ಮಣಿದ ಮೇಲೆ ಅದು ಮತ್ತೆ ತಲೆಯೆತ್ತುವುದನ್ನು ಮುಂದೂಡಲು ಈ ಬಗೆಯ ಮಾತ್ರೆಗಳನ್ನು, ವಿಶೇಷವಾಗಿ ಬಿ.ಆರ್.ಸಿ.ಎ. ಎಂಬ ಜೀನಿನಲ್ಲಿ ದೋಷ ಇರುವವರಿಗೆ, ಕೊಡುತ್ತಾರೆ. ಎಲ್ಲರಿಗೂ ಎಲ್ಲ ಔಷಧವೂ ಹೊಂದುವುದಿಲ್ಲ. ಎಲ್ಲರ ಕೈಗೂ ಎಟುಕುವುದಿಲ್ಲ. ಆದರೂ "ಇನ್ನೇನೂ ಮಾಡಲು ಬರುವುದಿಲ್ಲವಂತೆ" ಎಂದು ಜಗಲಿಯಲ್ಲಿ ಕೂತು ತೀರ್ಮಾನ ಕೊಡುವವರ ಮಾತನ್ನು ಕೇಳುವ ಮೊದಲು ತಜ್ಞರನ್ನು ಕೇಳಿ.

ಸಂಖ್ಯೆಗಳ ಭಯ

ಒಮ್ಮೆ ಈ ರೋಗಕ್ಕೆ ಚಿಕಿತ್ಸೆ ಪಡೆದವರ ಮನೆಯಲ್ಲಿ ಒಂದು ಸಂಖ್ಯೆ ದೇವರಂತೆ ಕೂತುಬಿಡುತ್ತದೆ. ಅದು ಸಿ.ಎ. 125 ಎಂಬ ರಕ್ತಪರೀಕ್ಷೆಯ ಫಲಿತಾಂಶ. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಗುರುತಿಸುವ ವಿಧಾನ ಕಂಡುಹಿಡಿದರು. 35ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಎನ್ನುತ್ತಾರೆ. ಅದು 18ರಿಂದ 26ಕ್ಕೆ ಏರಿದರೆ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರುವುದಿಲ್ಲ.

ಈ ಸಂಖ್ಯೆ ಏರಿದ ತಕ್ಷಣ, ತೊಂದರೆಯೇನೂ ಕಾಣದಿದ್ದರೂ ಕೀಮೋ ಶುರುಮಾಡಿದರೆ ಹೆಚ್ಚು ಕಾಲ ಬದುಕುತ್ತಾರೆಯೇ? ಬ್ರಿಟನ್ ಮತ್ತು ಇತರ ದೇಶಗಳ 529 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಸಂಖ್ಯೆ ನೋಡಿ ಬೇಗ ಕೀಮೋ ಪಡೆದವರು, ಲಕ್ಷಣ ಕಾಣಿಸಿಕೊಂಡ ಮೇಲೆ ಪಡೆದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಕೀಮೋದ ಕಷ್ಟವನ್ನು ಮಾತ್ರ ಕೆಲವು ತಿಂಗಳು ಮೊದಲೇ ಅನುಭವಿಸಿದರು. ಹಾಗಾಗಿ ನಿಮ್ಮ ತಜ್ಞರು "ಸಂಖ್ಯೆ ಸ್ವಲ್ಪ ಏರಿದೆ, ಆದರೂ ಈಗಲೇ ಚಿಕಿತ್ಸೆ ಬೇಡ, ಕಾಯೋಣ" ಎಂದರೆ ಅದು ಕೈಚೆಲ್ಲಿದ ಮಾತು ಎಂದು ತಿಳಿಯಬೇಡಿ. ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕೆಂದು ಅವರನ್ನೇ ಕೇಳಿ. ಭಯಕ್ಕಾಗಿ ವಾರಕ್ಕೊಮ್ಮೆ ರಕ್ತ ಕೊಡಬೇಡಿ.

ಇನ್ನೊಂದು ಭಯ ಸರಾಸರಿಯದು. "ಇಷ್ಟು ತಿಂಗಳಂತೆ" ಎಂದು ಎಲ್ಲೋ ಓದಿದ ಮಗ ಅಮ್ಮನ ಮುಖ ನೋಡಿದಾಗಲೆಲ್ಲ ಕ್ಯಾಲೆಂಡರ್ ಎಣಿಸುತ್ತಾನೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಕ್ಯಾನ್ಸರ್ ಬಂತು. ಅದು ಅಂಡಾಶಯದ ಕ್ಯಾನ್ಸರ್ ಅಲ್ಲ, ಬೇರೆಯದೇ ರೋಗ. ಅದು ಪತ್ತೆಯಾದವರಲ್ಲಿ ಅರ್ಧದಷ್ಟು ಜನ ಎಂಟು ತಿಂಗಳೊಳಗೆ ಸಾಯುತ್ತಾರೆ ಎಂದು ಅವರು ಪುಸ್ತಕಗಳಲ್ಲಿ ಓದಿದರು. ಹಾಗಾದರೆ ಉಳಿದರ್ಧ ಜನ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಅವರಲ್ಲಿ ಕೆಲವರು ಬಹಳ ಕಾಲ ಬದುಕುತ್ತಾರೆ ಎಂಬುದನ್ನು ಅವರು ಗಮನಿಸಿ ಅದರ ಬಗ್ಗೆ 1985ರಲ್ಲಿ ಲೇಖನ ಬರೆದರು. ಗೂಲ್ಡ್ ಅವರು ತೀರಿಕೊಂಡದ್ದು 2002ರಲ್ಲಿ. ಎಲ್ಲರಿಗೂ ಇಪ್ಪತ್ತು ವರ್ಷ ಸಿಗುತ್ತದೆಂದು ಇದರ ಅರ್ಥವಲ್ಲ. ಸರಾಸರಿ ಎಂಬುದು ಸಾವಿರಾರು ಜನರ ಲೆಕ್ಕ, ನಿಮ್ಮ ಮನೆಯ ಒಬ್ಬಾಕೆಯ ಜಾತಕವಲ್ಲ. ಅಷ್ಟೇ ಅದರ ಅರ್ಥ.

ಮುಚ್ಚಿಟ್ಟರೆ ಆಗುವ ನಷ್ಟ

ಈಗ ಮುಖ್ಯ ಮಾತಿಗೆ ಬರೋಣ. "ಹೇಳಿದರೆ ಎದೆ ಒಡೆದುಹೋಗುತ್ತಾಳೆ" ಎಂಬುದು ಮನೆಯವರ ವಾದ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮೂರು ವಿಷಯ ಯೋಚಿಸಿ.

ಮೊದಲನೆಯದು, ಹೆಚ್ಚಿನ ಸಲ ಆಕೆಗೆ ವಿಷಯ ಗೊತ್ತೇ ಇರುತ್ತದೆ. ಹೊಟ್ಟೆ ಮತ್ತೆ ಉಬ್ಬುತ್ತಿರುವುದು ಆಕೆಗೇ ಮೊದಲು ತಿಳಿಯುವುದು. ಮತ್ತೆ ಡ್ರಿಪ್ ಹಾಕುತ್ತಾರೆ, ಕೂದಲು ಮತ್ತೆ ಉದುರುತ್ತದೆ. ಆಕೆ ಕೋಣೆಗೆ ಬಂದಾಗ ಮಕ್ಕಳ ಮಾತು ನಿಲ್ಲುತ್ತದೆ. ಇದು "ಶಕ್ತಿ ಬರಲು ಕೊಡುವ ಗ್ಲೂಕೋಸ್" ಎಂದರೆ ನಂಬುವಷ್ಟು ಮುಗ್ಧರು ಯಾರಿದ್ದಾರೆ? ಆಕೆ ನಂಬಿದಂತೆ ನಟಿಸುತ್ತಾಳೆ. ಮನೆಯವರು ಆಕೆಗಾಗಿ ನಗುತ್ತಾರೆ, ಆಕೆ ಮನೆಯವರಿಗಾಗಿ ನಗುತ್ತಾಳೆ. ರಾತ್ರಿ ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಾರೆ. "ನನಗೆ ಎಲ್ಲ ಗೊತ್ತು ಡಾಕ್ಟ್ರೇ, ನನಗೆ ಗೊತ್ತಿದೆ ಅಂತ ಇವರಿಗೆ ಹೇಳಬೇಡಿ, ಪಾಪ ನೊಂದುಕೊಳ್ತಾರೆ" ಎಂಬ ಮಾತನ್ನು ನಾನು ಒಂದಲ್ಲ, ಹಲವು ಸಲ ಕೇಳಿದ್ದೇನೆ.

ಎರಡನೆಯದು, ಆಕೆ ಮಾಡಬೇಕಾದ ನಿರ್ಧಾರಗಳಿವೆ. ಎರಡನೇ ಆಪರೇಷನ್ ಬೇಕೇ, ಕೂದಲು ಉದುರುವ ಔಷಧ ಬೇಕೇ ಅಥವಾ ಬೇರೆಯದೇ, ಯಾವಾಗ ಶುರುಮಾಡುವುದು, ಹಣ ಎಲ್ಲಿಂದ, ಯಾರ ಹೆಸರಿಗೆ ಏನು ಬರೆಯುವುದು. ನಮ್ಮ ಕಡೆಯ ಒಬ್ಬ ತಾಯಿ, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ರೋಗ ಮರಳಿದ್ದನ್ನು ಸ್ಪಷ್ಟವಾಗಿ ತಿಳಿದುಕೊಂಡ ಮೇಲೆ ತಜ್ಞರನ್ನು ಕೇಳಿದ ಮೊದಲ ಪ್ರಶ್ನೆ, "ಮಗನ ಮದುವೆ ಮುಂದಿನ ತಿಂಗಳು 14ಕ್ಕೆ. ಆ ವಾರದ ಕೀಮೋ ಒಂದು ವಾರ ಮುಂದಕ್ಕೆ ಹಾಕಲು ಬರುತ್ತದೆಯೇ?" ತಜ್ಞರು ಒಪ್ಪಿದರು. ಆಕೆ ತಲೆಗೆ ಸೆರಗು ಹೊದ್ದು ಧಾರೆಗೆ ನಿಂತರು. ಮನೆಯವರು ಸತ್ಯ ಮುಚ್ಚಿಟ್ಟಿದ್ದರೆ ಆ ಪ್ರಶ್ನೆ ಕೇಳುವ ಅವಕಾಶವೇ ಅವರಿಗೆ ಇರುತ್ತಿರಲಿಲ್ಲ.

ಮೂರನೆಯದು ಹೆಣ್ಣುಮಕ್ಕಳ ವಿಷಯ. ಈ ರೋಗ ಬಂದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಲ್ಲಿ ಬಿ.ಆರ್.ಸಿ.ಎ. ಜೀನುಗಳ ದೋಷ ಇರುತ್ತದೆ. ಅದು ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ದೋಷ ಇದ್ದರೆ ರೋಗಿಗೆ ಯಾವ ಮಾತ್ರೆ ಹೊಂದುತ್ತದೆ ಎಂದು ತಿಳಿಯುತ್ತದೆ. ಮಗಳು, ತಂಗಿ, ಅಕ್ಕ ಇವರೂ ಪರೀಕ್ಷಿಸಿಕೊಂಡು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತಡೆಯುವ ಕ್ರಮದ ಬಗ್ಗೆ ವೈದ್ಯರೊಡನೆ ಮಾತಾಡಬಹುದು. "ಮಗಳಿಗೆ ಸಂಬಂಧ ನೋಡ್ತಿದ್ದೇವೆ, ಹೊರಗೆ ಗೊತ್ತಾಗುವುದು ಬೇಡ" ಎಂದು ಇದನ್ನೂ ಮುಚ್ಚುವವರಿದ್ದಾರೆ. ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸ್ವಂತ ಮಗಳಿಂದಲೇ ಮುಚ್ಚಿಟ್ಟರೆ ಆಕೆಯ ಪ್ರಾಣಕ್ಕೇ ಸಂಚಕಾರ ತಂದಂತೆ.

ಹೇಗೆ ಹೇಳಬೇಕು?

ಸತ್ಯ ಹೇಳುವುದೆಂದರೆ ವರದಿಯನ್ನು ಮುಖಕ್ಕೆ ಎಸೆಯುವುದಲ್ಲ. ಮೊದಲು ಕೇಳಿ: "ಅಮ್ಮ, ನಿನಗೆ ಏನನ್ನಿಸ್ತಿದೆ? ಡಾಕ್ಟ್ರು ಹೇಳಿದ್ದು ಪೂರ್ತಿ ತಿಳಿಯಬೇಕಾ, ಇಲ್ಲಾ ನಾವು ನೋಡಿಕೊಳ್ಳಬೇಕಾ?" ಕೆಲವರು ಎಲ್ಲ ಹೇಳಿ ಎನ್ನುತ್ತಾರೆ. ಕೆಲವರು "ನನಗೆ ಬೇಡಪ್ಪ, ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಎರಡೂ ಸರಿ. ಆದರೆ ಬೇಡ ಎನ್ನುವ ಹಕ್ಕು ಆಕೆಯದು, ನಮ್ಮದಲ್ಲ. ಇವತ್ತು ಬೇಡ ಎಂದವರು ಮುಂದಿನ ವಾರ ಕೇಳಬಹುದು.

ಒಂದೇ ದಿನ ಎಲ್ಲವನ್ನೂ ಹೇಳಬೇಕಾಗಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡಿ, ಕೇಳದ್ದನ್ನು ತುಂಬಬೇಡಿ. ಆದರೆ ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ. "ಕಾಯಿಲೆ ಮತ್ತೆ ಬಂದಿದೆ. ಅದಕ್ಕೆ ಚಿಕಿತ್ಸೆ ಇದೆ. ನಾವು ಜೊತೆಗಿರ್ತೇವೆ." ಈ ಮೂರು ಮಾತು ಮೊದಲ ದಿನಕ್ಕೆ ಸಾಕು. ತಜ್ಞರ ಬಳಿ ಹೋಗುವಾಗ ಆಕೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನೀವು ಒಳಗೆ ಹೋಗಬೇಡಿ. ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಚಿಕಿತ್ಸೆಯ ಗುರಿ ಏನು? ಫಲ ಕೊಡುತ್ತಿದೆಯೆಂದು ಹೇಗೆ ಗೊತ್ತಾಗುತ್ತದೆ? ಫಲ ಕೊಡದಿದ್ದರೆ ಮುಂದೇನು? ಈ ಮೂರನ್ನು ತಪ್ಪದೆ ಕೇಳಿ.

'ಧೈರ್ಯವಾಗಿರು' ಎಂಬ ಹೊರೆ

ಮುಚ್ಚಿಡುವುದರಷ್ಟೇ ತೊಂದರೆ ಕೊಡುವ ಇನ್ನೊಂದು ಅಭ್ಯಾಸ ನಮ್ಮಲ್ಲಿದೆ. ನೋಡಲು ಬಂದವರೆಲ್ಲ, "ಧೈರ್ಯವಾಗಿರು, ಮನಸ್ಸು ಗಟ್ಟಿ ಇದ್ದರೆ ಯಾವ ಕಾಯಿಲೆಯೂ ಏನೂ ಮಾಡಲ್ಲ" ಎಂದು ಹೇಳಿ ಹೋಗುತ್ತಾರೆ. ಹೇಳಿದವರಿಗೆ ಸಮಾಧಾನ. ಕೇಳಿದಾಕೆಗೆ ಮಾತ್ರ, ಕಾಯಿಲೆ ಏರಿದರೆ ಅದು ತನ್ನ ಮನಸ್ಸಿನ ದೋಷ ಎಂಬ ಹೊಸ ಹೊರೆ.

ಇದರಲ್ಲಿ ಎಷ್ಟು ನಿಜವಿದೆ? ಹರಡಿದ ಸ್ತನ ಕ್ಯಾನ್ಸರಿನ ಮಹಿಳೆಯರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಕಷ್ಟಸುಖ ಹಂಚಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು ವರದಿ ಮಾಡಿದಾಗ ಜಗತ್ತೇ ಕಿವಿ ನಿಮಿರಿಸಿತು. ಇದನ್ನೇ 235 ಮಹಿಳೆಯರಲ್ಲಿ ಮತ್ತೆ ಪರೀಕ್ಷಿಸಿದ ಕೆನಡಾದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಆಯುಸ್ಸು ಹೆಚ್ಚಲಿಲ್ಲ. ಆದರೆ ಗುಂಪಿನಲ್ಲಿ ಕೂತವರ ಮನಸ್ಸಿನ ಸಂಕಟ ಕಡಿಮೆಯಾಯಿತು, ನೋವು ಕೂಡ ಕಡಿಮೆ ಅನ್ನಿಸಿತು. ಮೊದಲಿಗೆ ಹೆಚ್ಚು ನೊಂದಿದ್ದವರಿಗೇ ಹೆಚ್ಚು ಲಾಭವಾಯಿತು.

ನನ್ನ ಮಟ್ಟಿಗೆ ಇದು ನಿರಾಶೆಯ ಸುದ್ದಿಯಲ್ಲ. ಹೆದರಿದರೆ, ಅತ್ತರೆ, ಸಿಟ್ಟಾದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಭಯ ಬೇಡ ಎಂದಾಯಿತು. ಅಳು ಬಂದರೆ ಅಳಲಿ. ನೀವು ಪಕ್ಕದಲ್ಲಿ ಕೂತಿರಿ. ಮಾತು ತೋಚದಿದ್ದರೆ ಅವರೆಕಾಯಿ ಸುಲಿಯುತ್ತ ಕೂತಿರಿ. ಉಪದೇಶಕ್ಕಿಂತ ಅದು ಹೆಚ್ಚು ಉಪಕಾರಿ.

ಎರಡನೇ ಸಲ ರೋಗ ಬಂದ ಮನೆಯ ಬಾಗಿಲಿಗೆ ಇನ್ನೊಂದು ಬಗೆಯ ಭರವಸೆಯೂ ಬರುತ್ತದೆ. "ನೂರಕ್ಕೆ ನೂರು ಗ್ಯಾರಂಟಿ" ಎಂಬ ಪುಡಿ, ಕಷಾಯ, ಚುಚ್ಚುಮದ್ದು ಮಾರುವವರು ನೊಂದವರನ್ನು ಹುಡುಕಿಕೊಂಡೇ ಬರುತ್ತಾರೆ. ಗ್ಯಾರಂಟಿ ಕೊಡುವವರನ್ನು ನಂಬಿ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಬೈಸಿಕೊಳ್ಳಬೇಕಾದರೂ ಸರಿ, ವೈದ್ಯರಿಗೆ ತಿಳಿಸಿ. ಕೆಲವು ಪುಡಿಗಳು ಯಕೃತ್ತನ್ನು ಕೆಡಿಸಿ ಕೀಮೋವನ್ನೇ ನಿಲ್ಲಿಸುವಂತೆ ಮಾಡುತ್ತವೆ.

ಆಸರೆ ಎಲ್ಲಿ ಸಿಗುತ್ತದೆ?

ಅಮೆರಿಕದ ದೂರದರ್ಶನದಲ್ಲಿ ಜನರನ್ನು ನಗಿಸಿ ಹೆಸರಾಗಿದ್ದ ಗಿಲ್ಡಾ ರಾಡ್ನರ್ ಅವರಿಗೆ 1986ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯಾಗಿ, ಬಿಡುವು ಸಿಕ್ಕಿ, ರೋಗ ಮರಳಿ 1989ರಲ್ಲಿ ಅವರು ತೀರಿಕೊಂಡರು. ಕಾಯಿಲೆಯ ದಿನಗಳಲ್ಲಿ ಅವರಿಗೆ ನೆಮ್ಮದಿ ಕೊಟ್ಟದ್ದು ಕ್ಯಾನ್ಸರ್ ರೋಗಿಗಳೇ ಸೇರಿ ಕೂತು ಮಾತಾಡುವ ಒಂದು ಕೂಟ. ಅವರ ಪತಿ ಮತ್ತು ಗೆಳೆಯರು ಸೇರಿ ಅಂಥದೇ ಒಂದು ಮನೆಯನ್ನು ಗಿಲ್ಡಾ ಹೆಸರಿನಲ್ಲಿ 1995ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದರು.

ನಮ್ಮ ಎಲ್ಲ ಊರಿನಲ್ಲೂ ಅಂಥ ಮನೆ ಇಲ್ಲ. ಆದರೆ ಕೀಮೋ ವಾರ್ಡಿನ ಹೊರಗೆ ಒಂದು ಬೆಂಚು ಇದೆ. "ನಿಮಗೆ ಎಷ್ಟನೆಯದು?" ಎಂದು ಶುರುವಾಗುವ ಮಾತು ಯಾವ ಸೋಪಿನಿಂದ ನೆತ್ತಿ ಉರಿಯುವುದಿಲ್ಲ, ಬಾಯಿಹುಣ್ಣಾದಾಗ ಏನು ತಿಂದರೆ ಇಳಿಯುತ್ತದೆ, ಗಂಡನಿಗೆ ಹೇಗೆ ಹೇಳಿದಿರಿ ಎಂಬಲ್ಲಿಗೆ ಹೋಗುತ್ತದೆ. ಅಲ್ಲಿ ಪರಿಚಯವಾದ ಒಬ್ಬರ ಫೋನ್ ನಂಬರ್ ಬರೆದುಕೊಳ್ಳಿ. ಮೂರನೇ ಸಲದ ಚಿಕಿತ್ಸೆಗೆ ಬಂದಾಕೆ ಎರಡನೇ ಸಲದಾಕೆಗೆ ಕೊಡುವ ಧೈರ್ಯವನ್ನು ಯಾವ ಡಾಕ್ಟರೂ ಕೊಡಲಾರರು.

ಮನಸ್ಸು ತೀರ ಕುಗ್ಗಿ, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಔಷಧ, ಆಪ್ತಸಲಹೆ ಎರಡೂ ಇವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ. ರೋಗಿಯಷ್ಟೇ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು.

ಹಣದ ಚಿಂತೆಯೂ ಒಂದು ನೋವೇ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ವಿಚಾರಿಸಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ದರದಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಬೇಕು.

ಆಸರೆಯಲ್ಲಿ ಎಚ್ಚರವೂ ಸೇರಿದೆ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ನಿಲ್ಲದ ವಾಂತಿ, ಜೊತೆಗೆ ಮಲ, ಗಾಳಿ ಎರಡೂ ಹೋಗದೆ ಹೊಟ್ಟೆ ಬಿಗಿದರೆ ಕರುಳು ಕಟ್ಟಿರಬಹುದು, ತಡಮಾಡಬೇಡಿ. ಕಾರ್ಬೋಪ್ಲಾಟಿನ್ ಔಷಧವನ್ನು ಎರಡನೇ ಸುತ್ತಿನಲ್ಲಿ ಕೊಡುವಾಗ ಕೆಲವರಿಗೆ ಒಗ್ಗದಿಕೆ ಆಗುತ್ತದೆ. ಡ್ರಿಪ್ ನಡೆಯುವಾಗಲೇ ಅಂಗೈ ತುರಿಸಿದರೆ, ಮುಖ ಬಿಸಿಯಾದರೆ ಕೂಡಲೇ ನರ್ಸ್‌ಗೆ ಹೇಳಲು ಆಕೆಗೆ ತಿಳಿಸಿರಿ. ಹೊಟ್ಟೆಯಲ್ಲಿ ನೀರು ತುಂಬಿ ಉಸಿರು ಕಟ್ಟಿದಂತಾದರೆ ಅದನ್ನು ಸೂಜಿಯಿಂದ ತೆಗೆಸಿ ಅಂದೇ ಹಗುರ ಮಾಡಬಹುದು.

ನೋವು ಸಹಿಸಬೇಕಾಗಿಲ್ಲ

"ಕ್ಯಾನ್ಸರ್ ಅಂದಮೇಲೆ ನೋವು ಇರೋದೇ" ಎಂದು ಹಲ್ಲು ಕಚ್ಚಿ ಕೂರುವ ಹೆಂಗಸರು ನಮ್ಮಲ್ಲಿ ಬಹಳ. ಇದು ಬೇಡ. ನೋವು, ವಾಂತಿ, ಉಸಿರಾಟದ ಕಷ್ಟ ಇವನ್ನು ತಗ್ಗಿಸುವ ಉಪಶಮನ ಚಿಕಿತ್ಸೆ ಎಂಬ ವಿಭಾಗವೇ ಇದೆ. ಅದು ಕೊನೆಯ ದಿನಗಳಿಗೆ ಮಾತ್ರ ಮೀಸಲಲ್ಲ. ಕೀಮೋ ನಡೆಯುತ್ತಿರುವಾಗಲೇ ಅದರ ನೆರವು ಪಡೆಯಬಹುದು. ತೀವ್ರ ನೋವಿಗೆ ಮಾರ್ಫಿನ್ ಒಳ್ಳೆಯ ಔಷಧ. ಚಟ ಹತ್ತುತ್ತದೆ ಎಂಬ ಭಯದಿಂದ ಮನೆಯವರೇ ಬೇಡ ಎನ್ನುತ್ತಾರೆ. ನೋವಿಗೆಂದು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡವರು ಚಟಕ್ಕೆ ಬೀಳುವುದು ಬಹಳ ಅಪರೂಪ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಅದಕ್ಕೆ ಔಷಧವನ್ನು ಜೊತೆಗೇ ಶುರುಮಾಡಬೇಕು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಆಸ್ಪತ್ರೆಗಳಿಗೆ ದಾರಿ ಸಲೀಸಾಯಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಈ ಸೇವೆಯನ್ನು ಉಚಿತವಾಗಿ ಕೊಡುತ್ತಿದೆ.

ಒಂದು ಹಂತದಲ್ಲಿ ಕೀಮೋದಿಂದ ಲಾಭಕ್ಕಿಂತ ಕಷ್ಟವೇ ಹೆಚ್ಚಾಗಬಹುದು. ಆಗ "ಇನ್ನು ಸಾಕು, ಮನೆಯಲ್ಲಿರ್ತೇನೆ" ಎಂದು ಆಕೆ ಹೇಳಿದರೆ ಅದನ್ನು ಸೋಲು ಎನ್ನಬೇಡಿ. ಕೀಮೋ ನಿಲ್ಲಬಹುದು, ಆರೈಕೆ ನಿಲ್ಲುವುದಿಲ್ಲ.

ಭರವಸೆಗೂ ಕಾಲಕ್ಕೆ ತಕ್ಕ ಗಾತ್ರವಿದೆ

ಕೊನೆಯದಾಗಿ, ಈ ರೋಗದೊಡನೆ ಬದುಕುತ್ತಿರುವ ತಾಯಂದಿರಿಗೆ, ಅಕ್ಕತಂಗಿಯರಿಗೆ ಎರಡು ಮಾತು. ಪೂರ್ತಿ ವಾಸಿಯಾಗಬೇಕೆಂಬ ಆಸೆ ತಪ್ಪಲ್ಲ, ಅದು ಇರಲಿ. ಅದರ ಪಕ್ಕದಲ್ಲಿ ಕೈಗೆ ಎಟುಕುವ ಆಸೆಗಳನ್ನೂ ಇಟ್ಟುಕೊಳ್ಳಿ. ಈ ಸಲದ ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿರಲಿ. ಯುಗಾದಿಗೆ ತವರಿಗೆ ಹೋಗುವಷ್ಟು ಶಕ್ತಿ ಇರಲಿ. ಮೊಮ್ಮಗಳಿಗೆ ರಂಗೋಲಿ ಕಲಿಸಿ ಮುಗಿಸುವಂತಾಗಲಿ. ಇವತ್ತು ರಾತ್ರಿ ನೋವಿಲ್ಲದೆ ನಿದ್ದೆ ಬರಲಿ. ಇವು ಸಣ್ಣ ಆಸೆಗಳಲ್ಲ. ನಿಮಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಕೇಳಿ. ಇಷ್ಟು ವರ್ಷ ಎಲ್ಲರ ಊಟವಾದ ಮೇಲೆ ಉಂಡವರು ನೀವು. ಈಗ ಮೊದಲು ಬಡಿಸಿಕೊಳ್ಳುವ ಸರದಿ ನಿಮ್ಮದು.

ಮನೆಯವರಿಗೂ ಒಂದು ಮಾತು. ಮೊದಲ ಸಲ ಹೇಗೆ ಬಂದಿರೋ ಎರಡನೇ ಸಲವೂ ಹಾಗೇ ಬನ್ನಿ, ಮೂರನೇ ಸಲವೂ ಬನ್ನಿ. ಎಳನೀರು ತನ್ನಿ. ಅದಕ್ಕಿಂತ ಮುಖ್ಯವಾಗಿ, ಆಕೆ ಕೇಳುವ ಪ್ರಶ್ನೆಗೆ ಕಣ್ಣು ತಪ್ಪಿಸದೆ ಉತ್ತರ ಕೊಡಿ.